ರಾತ್ರಿ ಊಟದ ನಂತರ, ಒಂದು

ಕವರಿನ ಮೇಲೆ ಬರೆದದ್ದು ಅಷ್ಟೇ.
ಜಿಲ್ಲಾಸ್ಪತ್ರೆಯ ಹದಿನಾಲ್ಕನೇ ಕೊಠಡಿಯ ಡಾಕ್ಟರಮ್ಮ ಒಳ್ಳೆಯವರು,
ಚೀಟಿ ಹರಿಯುವ ಮುಂಚೆ ಕಣ್ಣೆತ್ತಿ ನೋಡಿದರು.
ನಿದ್ದೆ ಬರುತ್ತಾ? ಅಂದರು.
ಬರುತ್ತೆ ಮೇಡಂ, ನಾನೇ ಬಿಡಲ್ಲ ಅಂದೆ.
ಅದನ್ನೂ ಬರೆದುಕೊಂಡರು, ಇಂಗ್ಲಿಷಿನಲ್ಲಿ.

ರಾತ್ರಿ, ಸರಿ. ಅದು ಕರೆಯದೆಯೂ ಬರುತ್ತೆ.
ಊಟ, ಜವರಮ್ಮನ ಗಾಡಿಯಲ್ಲಿ
ಹತ್ತೂವರೆಗೆ ತಳ ಹಿಡಿದ ಚಿತ್ರಾನ್ನ ಉಳಿದರೆ.
ನಂತರ,
ಇದೊಂದು ಪದದ ಬಗ್ಗೆ ಯಾರೂ ಕೇಳಲಿಲ್ಲ.

ನುಂಗಿದರೆ ಮೂಟೆ ಎತ್ತಿ ಎಸೆದ ಹಾಗೆ ನಿದ್ದೆ
ಅಂದ ಮುನೀರ. ಅವನಕ್ಕ ನುಂಗುತ್ತಿದ್ದಳಂತೆ,
ಮನೆಯಿದ್ದ ಕಾಲದಲ್ಲಿ.
ಬಾಗಿಲಿಗೆ ಚಿಲಕ ಇದ್ದವರು ಹಾಗೆ ಮಲಗಬಹುದು.
ಹೊಸ ಬಸ್‌ಸ್ಟ್ಯಾಂಡಿನ ಬೇಲೂರು ಬೋರ್ಡಿನ ಕೆಳಗೆ
ಒಂದು ಕಿವಿ ತೆರೆದಿಟ್ಟೇ ಮಲಗಬೇಕು.
ಹೋಂಗಾರ್ಡಿನ ಕೋಲು ಮೊದಲು ಅಂಗಾಲಿಗೆ,
ಆಮೇಲೆ ಮೊಣಕಾಲಿಗೆ.
ಕಾರಿನವರು ಗಾಜಿಳಿಸಿ
ಕೆಲಸ ಕೊಡ್ತೀನಿ ಬಾ ಅನ್ನುವುದು ಎರಡೂವರೆಗೆ.
ಯಾವ ಕೆಲಸವೆಂದು ಫ್ಲೋರಿಗೆ ಗೊತ್ತು.
ಅವಳು ಹೇಳುವುದಿಲ್ಲ, ನಾವು ಕೇಳುವುದಿಲ್ಲ.

ಹಾಗಾಗಿ ಹನ್ನೆರಡು ದಿನ ಮಾತ್ರೆ ಜೇಬಿನಲ್ಲೇ ಇತ್ತು.
ಬೆಳ್ಳಿ ಹಾಳೆಯಲ್ಲಿ ಹತ್ತು ಪುಟ್ಟ ಕೋಣೆ,
ಒಂದೊಂದಕ್ಕೂ ಸ್ವಂತ ಛಾವಣಿ.
ನಗು ಬಂತು.

ಹದಿನೆಂಟು ತುಂಬಿದ ದಿನ ಬಾಲಮಂದಿರದಲ್ಲಿ
ಕೇಸರಿಬಾತು ಮಾಡಿದ್ದರು.
ಸರ್ಟಿಫಿಕೇಟು, ಎರಡು ಜೊತೆ ಬಟ್ಟೆ, ಒಂದು ನೀಲಿ ಬಕೆಟ್ಟು.
ಬಕೆಟ್ಟು ಯಾಕೆಂದು ಇವತ್ತಿಗೂ ಅರ್ಥವಾಗಿಲ್ಲ.
ಇಡಲು ಒಂದು ಮೂಲೆ ಬೇಕಲ್ಲ.
ಮೊದಲ ವಾರವೇ ಜವರಮ್ಮನಿಗೆ ಕೊಟ್ಟೆ,
ಈಗ ಅದರಲ್ಲಿ ಲೋಟ ಅದ್ದುತ್ತಾಳೆ.
ದಿನಾ ನೋಡುತ್ತೇನೆ. ನನ್ನ ಬಕೆಟ್ಟು.

ಬಡವರ ಊಟಿ ಅಂತಾರೆ ಹಾಸನವನ್ನು.
ಅಂದವರು ಮಾರ್ಗಶಿರದ ಮೂರು ಗಂಟೆಗೆ
ಸಿಮೆಂಟಿನ ಮೇಲೆ ಬೆನ್ನಿಟ್ಟು ಅಂದದ್ದಲ್ಲ.
ಚಳಿ ಬೆನ್ನಿನಿಂದ ಹತ್ತುತ್ತೆ.
ಇನ್ನೊಂದು ಎದೆಯಿಂದ.
ಏನದು ಅಂದರೆ ಡಾಕ್ಟರಮ್ಮನಿಗೂ ಸರಿಯಾಗಿ ಹೇಳಲಾಗಲಿಲ್ಲ.
ಎಪಿಎಂಸಿ ಯಾರ್ಡಿನಲ್ಲಿ ಲಾರಿಗಟ್ಟಲೆ ಆಲೂಗೆಡ್ಡೆ ಇಳಿಸಿ,
ಕೈಕಾಲು ತೊಳೆದು ಕೂತ ಮೇಲೂ
ಒಂದು ಮೂಟೆ ಇಳಿಯದೆ ಉಳಿಯುತ್ತಲ್ಲ, ಅದು.
ಹಮಾಲಿ ಲೆಕ್ಕದಲ್ಲಿ ಅದಕ್ಕೆ ಕೂಲಿಯಿಲ್ಲ.

ಹದಿಮೂರನೇ ರಾತ್ರಿ ಫ್ಲೋರಿ ಚೀಟಿ ಕಿತ್ತುಕೊಂಡಳು.
ಮೆಡಿಕಲ್ ಶಾಪಿನಲ್ಲಿ ಆರು ತಿಂಗಳಿದ್ದವಳು,
ಎಂಥ ಕೋಳಿಕಾಲು ಬರಹವನ್ನೂ ಓದುತ್ತಾಳೆ.
'ನುಂಗೋ. ನಾನು ಕೂತಿರ್ತೀನಿ.'
'ನಿನ್ನ ನಿದ್ದೆ?'
'ಎರಡರ ತನಕ ನಾನು. ಆಮೇಲೆ ಮುನೀರ.
ನಾಕಕ್ಕೆ ಜವರಮ್ಮ ಒಲೆ ಹಚ್ತಾಳೆ, ಅವಳ ಕಣ್ಣೈತೆ.'

ಆಸ್ಪತ್ರೆಯ ಫಾರಮ್ಮಿನಲ್ಲಿ ಒಂದು ಗೆರೆಯಿತ್ತು,
ಜೊತೆಗಿರುವವರು.
ಯಾರಿಲ್ಲ ಅಂತ ಬರೆಸಿದ್ದೆ.

ಚಟ್ ಅಂತ ಒಂದು ಕೋಣೆ ಒಡೆದೆ.
ಫ್ಲೋರಿ ತನ್ನ ವೇಲಿನ ತುದಿ ನನ್ನ ಮಣಿಕಟ್ಟಿಗೆ ಕಟ್ಟಿಕೊಂಡಳು,
ಕರುವಿಗೆ ಕಟ್ಟುವ ಹಾಗೆ.
ಅರಸೀಕೆರೆಯ ಕೊನೇ ಗಾಡಿ ಕೂಗಿದ್ದು ನೆನಪಿದೆ,
ಊರಿನ ಹೆಸರು ಅರ್ಧಕ್ಕೇ ನಿಂತಿತು.

ಎದ್ದಾಗ ಬಿಸಿಲು.
ಚಪ್ಪಲಿ ಮುನೀರನ ತಲೆಯಡಿ ಭದ್ರ.
'ಸತ್ಗಿತ್ ಹೋದ್ನೇನೋ ಅಂತ
ಎಲ್ಡು ಸಲ ಮೂಗಿಗೆ ಬೆರಳಿಟ್ಟು ನೋಡ್ದೆ ಕಣ್ಲಾ' ಅಂದ.
ಎದೆಯ ಮೂಟೆ ಅಲ್ಲೇ ಇತ್ತು.
ಆದರೆ ಇಡೀ ರಾತ್ರಿ ಯಾರೋ ಅದರ ಒಂದು ಮೂಲೆ ಹಿಡಿದಿದ್ದರು.

ದಿನ ಬಿಟ್ಟು ದಿನ ನುಂಗಿದರೆ ಬೈತಾರೆ ಡಾಕ್ಟರಮ್ಮ.
ಬೈಯಲಿ.
ಇವತ್ತು ಫ್ಲೋರಿ ಮಲಗಬೇಕು.
ಅವಳಿಗೆ ಚೀಟಿಯಿಲ್ಲ, ಮಾತ್ರೆಯಿಲ್ಲ,
ನನ್ನ ಮಣಿಕಟ್ಟಿನಲ್ಲಿ ಅವಳ ವೇಲಿನ ತುದಿಯಿದೆ.

ಎರಡೂವರೆ.
ಕಾರೊಂದು ನಿಧಾನ ಮಾಡಿ ಗಾಜಿಳಿಸುತ್ತಿದೆ.

ಗಂಟು ಅಲುಗದ ಹಾಗೆ
ಎದ್ದು ನಿಲ್ಲುತ್ತೇನೆ.